ಹೊಸ ಬೈಕಿನ ಮೊದಲ ಆಯಿಲ್ ಬದಲಾವಣೆ: 500 ಕಿ.ಮೀ.ಗೆ ಯಾವುದನ್ನು ಹಾಕಿಸಲಿ?

ದಾವಣಗೆರೆಯ ಹೊಸ ಸವಾರ

ಎಲ್ಲರಿಗೂ ನಮಸ್ಕಾರ. ಮೂರು ವಾರದ ಹಿಂದೆ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಮನೆಗೆ ತಂದೆ. ಇದುವರೆಗೆ ಅಣ್ಣ ಓಡಿಸಿ ಬಿಟ್ಟ ಗಾಡಿಯನ್ನೇ ಓಡಿಸಿಕೊಂಡು ಬಂದವನು ನಾನು. ಸ್ವಂತ ದುಡಿಮೆಯ ಮೊದಲ ಹೊಸ ಗಾಡಿ ಇದು. ಈಗ ಮೀಟರಿನಲ್ಲಿ 430 ಕಿ.ಮೀ. ಇದೆ. 500 ಕಿ.ಮೀ.ಗೆ ಮೊದಲ ಸರ್ವೀಸ್, ಆಗ ಆಯಿಲ್ ಬದಲಿಸಬೇಕು.

ಯಾವ ಆಯಿಲ್ ಎಂದು ಕೇಳಲು ಹೋಗಿ ಪೇಚಿಗೆ ಸಿಕ್ಕಿದ್ದೇನೆ. ನಮ್ಮ ಊರಿನ ಬಿಡಿಭಾಗದ ಅಂಗಡಿಯವರು, "ಹೊಸ ಎಂಜಿನ್‌ಗೆ ತೆಳು ಆಯಿಲೇ ಬೇಕು" ಎಂದು ಕಾರಿಗೆ ಹಾಕುವ 5ಡಬ್ಲ್ಯು-30 ಫುಲ್ ಸಿಂಥೆಟಿಕ್ ಡಬ್ಬ ತೋರಿಸಿದರು. ಸೋದರಮಾವ, "ಐದು ಸಾವಿರ ಕಿ.ಮೀ. ಆಗುವವರೆಗೆ ಮಿನರಲ್ ಬಿಟ್ಟು ಬೇರೇನೂ ಹಾಕಬೇಡ, ಸಿಂಥೆಟಿಕ್ ಹಾಕಿದರೆ ರಿಂಗ್ ಕೂರುವುದಿಲ್ಲ" ಎಂದರು. ಜೊತೆಗೆ ಕೆಲಸ ಮಾಡುವ ಗೆಳೆಯ, "ನಮ್ಮ ಬಿಸಿಲಿಗೆ 20ಡಬ್ಲ್ಯು-50 ಸರಿ" ಎಂದ. ಮೂವರೂ ನನ್ನ ಹಿತ ಬಯಸುವವರೇ. ಆದರೆ ಮೂವರ ಮಾತನ್ನೂ ಒಂದೇ ಎಂಜಿನ್ನಿಗೆ ಸುರಿಯಲು ಆಗುವುದಿಲ್ಲವಲ್ಲ. ತಿಳಿದವರು ದಾರಿ ತೋರಿಸಿ.

ಮೈಸೂರಿನ ಸ್ಕೂಟರ್

ಮೊದಲು ಗಾಡಿಯ ಜೊತೆ ಕೊಟ್ಟ ಕೈಪಿಡಿ ತೆಗೆದು ಆಯಿಲ್ ಪುಟ ನೋಡಿ. ಅಲ್ಲಿ ಏನಿದೆ ಎಂದು ಇಲ್ಲಿ ಬರೆಯಿರಿ, ಆಮೇಲೆ ಮಾತಾಡೋಣ.

ದಾವಣಗೆರೆಯ ಹೊಸ ಸವಾರ

ನೋಡಿದೆ ಅಕ್ಕ. 15ಡಬ್ಲ್ಯು-50, ಎಪಿಐ ಎಸ್‌ಎಲ್, ಜಾಸೊ ಎಂಎ2, ಸೆಮಿ ಸಿಂಥೆಟಿಕ್. ಮೊದಲ ಸರ್ವೀಸ್ 500 ಕಿ.ಮೀ. ಅಥವಾ 45 ದಿನ. ಈ ಅಕ್ಷರಗಳಲ್ಲಿ ನನಗೆ ಅರ್ಥವಾದದ್ದು ಸೆಮಿ ಸಿಂಥೆಟಿಕ್ ಒಂದೇ, ಅದೂ ಅರ್ಧ: ಮಿನರಲ್ ಎಂದರೆ ಕಚ್ಚಾ ತೈಲ ಶುದ್ಧೀಕರಿಸಿದ್ದು, ಸಿಂಥೆಟಿಕ್ ಎಂದರೆ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸಿದ್ದು, ಸೆಮಿ ಎಂದರೆ ಎರಡರ ಬೆರಕೆ ಎಂದಷ್ಟೇ ಗೊತ್ತು.

ಹಾಸನದ ಗ್ಯಾರೇಜು

ತಮ್ಮಾ, ಕಾರಿನ ಆಯಿಲ್ ಡಬ್ಬವನ್ನು ಅಂಗಡಿಯಲ್ಲೇ ಬಿಟ್ಟು ಬಾ. ಅದೊಂದನ್ನು ಈಗಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಇಪ್ಪತ್ತಾರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹೊಸ ಗಾಡಿಯ ಮೊದಲ ಆಯಿಲನ್ನು ಇಳಿಸುವಾಗ ಮಾಲೀಕರನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತೇನೆ, ಒಮ್ಮೆ ಕಣ್ಣಾರೆ ಕಾಣಲಿ ಎಂದು. ಎಂಜಿನ್ ಐದು ನಿಮಿಷ ಓಡಿಸಿ, ಆಯಿಲ್ ಬೆಚ್ಚಗಾದ ಮೇಲೆ ಡ್ರೈನ್ ಬೋಲ್ಟ್ ಬಿಚ್ಚಿ, ಬಿಳಿ ಟಬ್ಬಿನಲ್ಲಿ ಹಿಡಿದು ಬಿಸಿಲಿಗೆ ತಂದರೆ ಆಯಿಲ್ ಮಿನುಗುತ್ತದೆ. ಸೀರೆಗೆ ಹಚ್ಚುವ ಚಮಕಿಯನ್ನು ಪುಡಿ ಮಾಡಿ ಕಲಸಿದ ಹಾಗೆ. ಒಂದು ಅಯಸ್ಕಾಂತ ಅದ್ದಿ ತೆಗೆದರೆ ಬೂದು ಬಣ್ಣದ ಲೇಪ ಅಂಟಿಕೊಂಡು ಬರುತ್ತದೆ. ಬೆರಳುಗಳ ನಡುವೆ ಉಜ್ಜಿದರೆ ನುಣ್ಣಗಿನ ಪುಡಿ, ಚುಚ್ಚುವುದಿಲ್ಲ. ಜಾಲರಿಯಲ್ಲಿ ಒಮ್ಮೊಮ್ಮೆ ಗ್ಯಾಸ್ಕೆಟ್ ಗೋಂದಿನ ಚೂರುಗಳು ರಬ್ಬರಿನ ಎಳೆಯಂತೆ ಸಿಗುತ್ತವೆ.

ಇದು ಎಲ್ಲಿಂದ ಬರುತ್ತದೆ? ಬೋರಿನ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ, ಒಳಗೋಡೆ ಕನ್ನಡಿಯಂತೆ ನಯವಾಗಿರುವುದಿಲ್ಲ. ಆಯಿಲ್ ಹಿಡಿದುಕೊಳ್ಳಲೆಂದೇ ಕಾರ್ಖಾನೆಯಲ್ಲಿ ಅಡ್ಡಗೆರೆಗಳನ್ನು ಎಳೆದಿರುತ್ತಾರೆ. ಪಿಸ್ಟನ್ ರಿಂಗ್ ಆ ಗೆರೆಗಳ ಚೂಪು ತುದಿಗಳನ್ನು ಸವೆಸಿ, ತಾನೂ ಸವೆದು, ಗೋಡೆಗೆ ಒಗ್ಗಿಕೊಳ್ಳಬೇಕು. ರಿಂಗ್ ಕೂರುವುದು ಎನ್ನುವುದು ಇದಕ್ಕೇ. ಕ್ಯಾಮ್ (ವಾಲ್ವ್ ತೆರೆಸುವ ಭಾಗ), ಚೈನ್, ಬೇರಿಂಗ್ ಎಲ್ಲವೂ ಹಾಗೆಯೇ. ಅದರ ಮೇಲೆ, ಬೈಕಿನಲ್ಲಿ ಗೇರ್ ಪೆಟ್ಟಿಗೆಯೂ ಎಂಜಿನ್ನಿನ ಆಯಿಲಿನಲ್ಲೇ ಓಡುತ್ತದೆ. ಹೊಸ ಗೇರಿನ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಪುಡಿಯೂ ಇದಕ್ಕೇ ಸೇರುತ್ತದೆ. ಕಾರಿಗೆ ಇಲ್ಲದ ಅವಸರ ಬೈಕಿಗೆ ಇರುವುದು ಇದಕ್ಕಾಗಿ.

ಫಿಲ್ಟರ್ ಕಾಗದ ದೊಡ್ಡ ಚೂರುಗಳನ್ನು ಹಿಡಿಯುತ್ತದೆ, ತೀರಾ ಸಣ್ಣ ಪುಡಿ ನುಸುಳಿಕೊಂಡು ತಿರುಗುತ್ತಲೇ ಇರುತ್ತದೆ. ಹೊರಹಾಕಲು ಆಯಿಲ್ ಇಳಿಸುವುದೊಂದೇ ದಾರಿ. ಆದ್ದರಿಂದ 500ನ್ನು 900 ಮಾಡಬೇಡ. ಆಯಿಲ್ ಜೊತೆ ಫಿಲ್ಟರ್ ಕೂಡ ಬದಲಿಸಲಿ, ಬೋಲ್ಟಿನ ವಾಷರ್ ಹೊಸದು ಹಾಕಲಿ. ಬೋಲ್ಟನ್ನು ಕೈಬಲವೆಲ್ಲ ಹಾಕಿ ಬಿಗಿಯಬಾರದು. ಕೆಳಗಿರುವುದು ಅಲ್ಯೂಮಿನಿಯಂ, ಬೋಲ್ಟ್ ಕೂರುವ ತಿರುಪಿನ ಗೆರೆ ಸವೆದರೆ ಮುಂದೆ ಪ್ರತಿ ಸಲವೂ ತೊಟ್ಟಿಕ್ಕುತ್ತದೆ.

ಕಲಬುರಗಿಯ ಬಿಸಿಲು

ಮೇಸ್ತ್ರಿಗಳು ಹೇಳಿದ್ದು ಸರಿ. ಆದರೆ ಗ್ರೇಡಿನ ವಿಷಯದಲ್ಲಿ ಆ ಗೆಳೆಯರ ಮಾತಿಗೆ ನನ್ನ ಒಪ್ಪಿಗೆ ಇದೆ. ನಮ್ಮಲ್ಲಿ ಮೇ ತಿಂಗಳಿನಲ್ಲಿ 42 ಡಿಗ್ರಿ ದಾಟುತ್ತದೆ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಆ ಗಾಳಿಯೇ ಕೆಂಡದಂತಿದ್ದರೆ ಏನು ಮಾಡಬೇಕು? 20ಡಬ್ಲ್ಯು-50 ದಪ್ಪ, ಅದೇ ನಿಲ್ಲುತ್ತದೆ. ಹಳೆಯ ಗಾಡಿಗಳಿಗೆ ಅದನ್ನೇ ಹಾಕಿಕೊಂಡು ಬಂದಿದ್ದೇವೆ.

ಎಣ್ಣೆ ಪರೀಕ್ಷಕ

ಕೀಲೆಣ್ಣೆ ತಯಾರಿಸುವ ಘಟಕವೊಂದರ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಸಂಖ್ಯೆಗಳ ಬಗ್ಗೆ ಜನರಲ್ಲಿರುವ ಗೊಂದಲ ನನ್ನನ್ನು ಇವತ್ತಿಗೂ ಕಾಡುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕಲಬುರಗಿಯವರೇ, ಬಿಸಿಯಲ್ಲಿ ಎಣ್ಣೆ ಎಷ್ಟು ದಪ್ಪ ಇರುತ್ತದೆ ಎಂದು ಹೇಳುವುದು ಎರಡನೆಯ ಸಂಖ್ಯೆ. 50 ಎಂದು ಬರೆಸಿಕೊಳ್ಳಬೇಕಾದರೆ 100 ಡಿಗ್ರಿಯಲ್ಲಿ ಸ್ನಿಗ್ಧತೆ (ಈ ದಪ್ಪದ ಅಳತೆ) 16.3 ಸೆಂಟಿಸ್ಟೋಕ್ಸ್‌ಗೆ ಕಡಿಮೆ ಇರಕೂಡದು, 21.9 ಮುಟ್ಟಲೂಬಾರದು. ಅದು 15ಡಬ್ಲ್ಯು-50 ಆದರೂ ಅಷ್ಟೇ, 20ಡಬ್ಲ್ಯು-50 ಆದರೂ ಅಷ್ಟೇ. ಕುದಿಯುವ ಎಂಜಿನ್ನಿನೊಳಗೆ ಎರಡೂ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ವ್ಯತ್ಯಾಸ ಇರುವುದು ತಣ್ಣಗಿರುವಾಗ. ಡಬ್ಲ್ಯು ಎಂದರೆ ಚಳಿಗಾಲ. 15ಡಬ್ಲ್ಯುವನ್ನು ಮೈನಸ್ 20 ಡಿಗ್ರಿಯಲ್ಲೂ 20ಡಬ್ಲ್ಯುವನ್ನು ಮೈನಸ್ 15 ಡಿಗ್ರಿಯಲ್ಲೂ ಎಂಜಿನ್ ತಿರುಗಿಸಲು ಆಗುವಷ್ಟು ತೆಳುವಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಕರ್ನಾಟಕದಲ್ಲಿ ಅಂಥ ಚಳಿ ಎಲ್ಲಿಯೂ ಇಲ್ಲ, ನಿಜ. ಆದರೂ ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕೆಲವು ಕ್ಷಣಗಳಲ್ಲಿ, ಎಣ್ಣೆ ಮೇಲಿನ ಕ್ಯಾಮ್‌ವರೆಗೆ ಏರಬೇಕಾದ ಹೊತ್ತಿನಲ್ಲಿ, 15ಡಬ್ಲ್ಯು ಒಂದು ಹೆಜ್ಜೆ ಮುಂದಿರುತ್ತದೆ. ಅಂದರೆ 20ಡಬ್ಲ್ಯು-50 ಹಾಕಿದರೆ ಬಿಸಿಲಿನಲ್ಲಿ ನಿಮಗೆ ಲಾಭವಿಲ್ಲ, ಬೆಳಗ್ಗೆ ಸ್ವಲ್ಪ ನಷ್ಟವಿದೆ.

ಈಗ ಅಂಗಡಿಯವರ 5ಡಬ್ಲ್ಯು-30. 30 ಎಂದರೆ ಅದೇ 100 ಡಿಗ್ರಿಯಲ್ಲಿ 9.3ರಿಂದ 12.5ರೊಳಗೆ. ಕೈಪಿಡಿ ಕೇಳುವ 16.3ರ ಹತ್ತಿರವೂ ಬರುವುದಿಲ್ಲ. ಈ ಎಂಜಿನ್ನಿನ ಬೇರಿಂಗ್ ಸಂದು, ಪಂಪಿನ ಒತ್ತಡ, ತಣಿಯುವ ರೀತಿ ಎಲ್ಲವನ್ನೂ 50ರ ಎಣ್ಣೆಗೆ ಹೊಂದಿಸಿ ರೂಪಿಸಿದ್ದಾರೆ. ಹೊಸ ಎಂಜಿನ್ ಬಿಗಿಯಾಗಿರುತ್ತದೆ, ಆದ್ದರಿಂದ ತೆಳು ಎಣ್ಣೆ ಬೇಕು ಎಂಬುದು ಕೇಳಲು ಚೆನ್ನಾಗಿರುವ ಮಾತು ಅಷ್ಟೇ.

ಜಾಸೊ ಇನ್ನೂ ಮುಖ್ಯ. ಇದು ಜಪಾನಿನ ವಾಹನ ಮಾನಕ ಸಂಸ್ಥೆ. ಬೈಕಿನ ಕ್ಲಚ್ ಪ್ಲೇಟ್‌ಗಳು ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತವೆ. ಕಾರಿನ ಎಣ್ಣೆಯನ್ನು, ಅದರಲ್ಲೂ ಇಂಧನ ಉಳಿಸುವ ಗುರುತು ಹೊತ್ತ ತೆಳು ಎಣ್ಣೆಗಳನ್ನು, ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿ ತಯಾರಿಸುತ್ತಾರೆ. ಬೈಕಿಗೆ ಹಾಕಿದರೆ ಪ್ಲೇಟ್ ಜಾರತೊಡಗುತ್ತದೆ. ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಎಣ್ಣೆಯಲ್ಲಿ ಕ್ಲಚ್ ಹಿಡಿತ ಎಷ್ಟು ಉಳಿಯುತ್ತದೆ ಎಂದು ಅಳೆದು ಕೊಡುವ ದರ್ಜೆಯೇ ಎಂಎ ಮತ್ತು ಎಂಬಿ. ಎಂಎ ಎಂದರೆ ಹಿಡಿತ ಹೆಚ್ಚು, ಎಂಬಿ ಎಂದರೆ ಕಡಿಮೆ. ಎಂಎ2 ಎಂದರೆ ಎಂಎ ದರ್ಜೆಯಲ್ಲೇ ಹಿಡಿತ ಹೆಚ್ಚಿರುವುದು.

ಮೈಸೂರಿನ ಸ್ಕೂಟರ್

ಎಂಬಿ ಎಂದದ್ದಕ್ಕೆ ಒಂದು ಮಾತು. ನನ್ನದು ಹೋಂಡಾ ಆಕ್ಟಿವಾ, ಅದಕ್ಕೆ 10ಡಬ್ಲ್ಯು-30 ಎಂಬಿ. ಸ್ಕೂಟರಿನ ಕ್ಲಚ್ ಒಣ ಜಾಗದಲ್ಲಿರುತ್ತದೆ, ಎಂಜಿನ್ ಆಯಿಲ್ ಅದನ್ನು ಮುಟ್ಟುವುದಿಲ್ಲ, ಹಾಗಾಗಿ ಜಾರುವ ಆಯಿಲ್ ಇದ್ದರೆ ಒಳ್ಳೆಯದೇ. ಮನೆಯಲ್ಲಿ ಬೈಕೂ ಸ್ಕೂಟರೂ ಎರಡೂ ಇದ್ದವರು ಒಂದೇ ಡಬ್ಬವನ್ನು ಎರಡಕ್ಕೂ ಸುರಿಯಬೇಡಿ. ಸ್ಕೂಟರಿಗೆ ಎಂಎ ಬಿದ್ದರೆ ಹೆಚ್ಚೆಂದರೆ ಮೈಲೇಜಿನಲ್ಲಿ ಸ್ವಲ್ಪ ಹೋಗುತ್ತದೆ. ಬೈಕಿಗೆ ಎಂಬಿ ಬಿದ್ದರೆ ಕ್ಲಚ್ಚಿಗೇ ತೊಂದರೆ. ಸ್ಕೂಟರಿನ ಹಿಂಚಕ್ರದ ಬಳಿ ಗೇರ್ ಆಯಿಲ್ ಪ್ರತ್ಯೇಕ ಇರುತ್ತದೆ ಎಂಬುದನ್ನೂ ಮರೆಯಬೇಡಿ, ಬಹಳ ಜನ ಅದನ್ನು ಕೇಳುವುದೇ ಇಲ್ಲ.

ಕಲಬುರಗಿಯ ಬಿಸಿಲು

ಪರೀಕ್ಷಕರೇ, ಎರಡನೆಯ ಸಂಖ್ಯೆಯ ಮಾತು ಒಪ್ಪಿದೆ. ಇಷ್ಟು ವರ್ಷ ಮೊದಲನೆಯ ಸಂಖ್ಯೆ ನೋಡಿ ದಪ್ಪ ಎಂದುಕೊಂಡಿದ್ದೆ. ನನ್ನ ಹೊಸ ಗಾಡಿಗೂ ಮುಂದಿನ ಸಲ ಕೈಪಿಡಿಯಲ್ಲಿರುವುದನ್ನೇ ಹಾಕಿಸುತ್ತೇನೆ.

ದಾವಣಗೆರೆಯ ಹೊಸ ಸವಾರ

ತುಂಬಾ ಉಪಕಾರವಾಯಿತು. ಮಾವನ ಮಾತಿಗೆ ಏನು ಹೇಳಲಿ? ಅವರು ಮೂವತ್ತು ವರ್ಷ ಲಾರಿ ಓಡಿಸಿದವರು. ಸಿಂಥೆಟಿಕ್ ಹಾಕಿದರೆ ರಿಂಗ್ ಕೂರುವುದಿಲ್ಲ ಎಂಬುದು ಸುಳ್ಳೇ?

ಎಣ್ಣೆ ಪರೀಕ್ಷಕ

ನಿಮ್ಮ ಮಾವ ಸುಳ್ಳು ಹೇಳುತ್ತಿಲ್ಲ. ಅವರ ಕಾಲದ ಎಂಜಿನ್‌ಗಳಿಗೆ ಆ ಮಾತಿಗೆ ಆಧಾರವಿತ್ತು. ಆಗ ಬೋರಿನ ಮೇಲ್ಮೈ ಒರಟಾಗಿಯೇ ಬರುತ್ತಿತ್ತು, ಒಗ್ಗಿಕೊಳ್ಳುವ ಕೆಲಸವೆಲ್ಲ ರಸ್ತೆಯ ಮೇಲೆಯೇ ಸಾವಿರಾರು ಕಿ.ಮೀ. ನಡೆಯಬೇಕಿತ್ತು. ಈಗ ಗೆರೆ ಎಳೆದ ಮೇಲೆ ಅವುಗಳ ಚೂಪು ತುದಿಯನ್ನು ಕಾರ್ಖಾನೆಯಲ್ಲೇ ಚಪ್ಪಟೆಯಾಗಿ ಉಜ್ಜುತ್ತಾರೆ. ರಿಂಗ್ ಕೂರುವ ಕೆಲಸದ ಬಹುಪಾಲು ಮೊದಲ ಕೆಲವು ನೂರು ಕಿ.ಮೀ.ಯಲ್ಲೇ ಮುಗಿಯುತ್ತದೆ. ನೀವು ಓಡಿಸಿರುವ 430 ಕಿ.ಮೀ.ಯಲ್ಲಿ ಅದು ಹೆಚ್ಚೂಕಡಿಮೆ ಆಗಿಹೋಗಿದೆ. ಅಮೆರಿಕದ ಷೆವ್ರೊಲೆ ಕಾರ್ವೆಟ್ ಕಾರಿಗೆ 1992ರಿಂದಲೇ ಕಾರ್ಖಾನೆಯಲ್ಲಿ ಸಿಂಥೆಟಿಕ್ ಎಣ್ಣೆ ತುಂಬಿ ಕಳಿಸುತ್ತಾರೆ. ಸಿಂಥೆಟಿಕ್‌ನಲ್ಲಿ ರಿಂಗ್ ಕೂರದಿದ್ದರೆ ಆ ಕಾರುಗಳೆಲ್ಲ ಹೊಗೆ ಬಿಡುತ್ತಾ ಓಡಬೇಕಿತ್ತು.

ರಿಂಗನ್ನು ಗೋಡೆಗೆ ಒತ್ತುವುದು ಸಿಲಿಂಡರಿನೊಳಗೆ ಉರಿಯುವ ಅನಿಲದ ಒತ್ತಡ. ಆದ್ದರಿಂದ ಎಣ್ಣೆಯ ಜಾತಿಗಿಂತ ನೀವು ಓಡಿಸುವ ರೀತಿ ದೊಡ್ಡದು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗಬೇಡಿ. ಎಂಜಿನ್ ಏದುಸಿರು ಬಿಡುವಂತೆ ಮೇಲಿನ ಗೇರಿನಲ್ಲಿ ನಿಧಾನವಾಗಿ ಎಳೆಸಬೇಡಿ, ಕಿರುಚುವಂತೆ ತಿರುಚಲೂಬೇಡಿ. ಏರಿಸಿ, ಇಳಿಸಿ, ಗೇರ್ ಬದಲಿಸುತ್ತಾ ಓಡಿಸಿ.

ಹಾಗೆಂದು ಫುಲ್ ಸಿಂಥೆಟಿಕ್ಕೇ ಹಾಕಿ ಎಂದೂ ಹೇಳುವುದಿಲ್ಲ. ಕೈಪಿಡಿ ಸೆಮಿ ಎಂದಿದೆ, ಮೊದಲ ಭರ್ತಿಗೆ ಅದೇ ಸಾಕು. ಹೊಸ ಗೇರುಗಳು ಇನ್ನೂ ಪುಡಿ ಉದುರಿಸುವ ಹೊತ್ತಿನಲ್ಲಿ ದುಬಾರಿ ಎಣ್ಣೆ ತುಂಬಿದರೆ, ಅದರ ಬಾಳಿಕೆಯ ಲಾಭ ಸಿಗುವ ಮೊದಲೇ ಕೊಳೆಯಾಗುತ್ತದೆ. ಮುಂದೆ ಹಾಕಬೇಕೆನಿಸಿದರೆ ಅದೇ 15ಡಬ್ಲ್ಯು-50, ಅದೇ ಎಂಎ2 ಇರುವ ಫುಲ್ ಸಿಂಥೆಟಿಕ್ ಹಾಕಿ. ಎಪಿಐ ಎಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಂಜಿನ್ ಎಣ್ಣೆಗೆ ಕೊಡುವ ಗುಣಮಟ್ಟದ ದರ್ಜೆ; ಅದರ ಅಕ್ಷರ ಎಸ್‌ಎಲ್ ಬದಲು ಎಸ್‌ಎನ್ ಇದ್ದರೂ ಚಿಂತೆಯಿಲ್ಲ. ಎಸ್‌ಎಲ್ 2001ರದು, ಎಸ್‌ಎನ್ 2010ರದು, ಹೊಸದು ಹಳೆಯದರ ಜಾಗದಲ್ಲಿ ನಡೆಯುತ್ತದೆ. ಆದರೆ ಪಕ್ಕದಲ್ಲಿ ಎಂಎ2 ಇರಲೇಬೇಕು.

ಮಂಡ್ಯದ ಟ್ರ್ಯಾಕ್ಟರ್

ಟ್ರ್ಯಾಕ್ಟರಿಗೂ ಇದೇ ಲೆಕ್ಕ, ಕಿ.ಮೀ. ಬದಲು ಗಂಟೆ. ಹೊಸ ಟ್ರ್ಯಾಕ್ಟರಿಗೆ 50 ಗಂಟೆಗೆ ಮೊದಲ ಆಯಿಲ್ ತೆಗೆಯಬೇಕು ಎಂದು ಬರೆದಿದ್ದರು. ಗದ್ದೆ ಉಳುವ ಕಾಲ, ಪುರಸೊತ್ತು ಇಲ್ಲವೆಂದು ನಾನು 120 ಗಂಟೆಗೆ ತಳ್ಳಿದೆ. ಇಳಿಸಿದಾಗ ತಳದಲ್ಲಿ ಕೂತಿದ್ದ ಮಡ್ಡಿ ನೋಡಿ ನಮ್ಮ ಅಪ್ಪ ಒಂದು ದಿನ ಮಾತು ಬಿಟ್ಟಿದ್ದರು. ಅವರು ಎತ್ತಿನ ಬಂಡಿಯ ಅಚ್ಚಿಗೆ ಹರಳೆಣ್ಣೆ ಹಾಕದೆ ಹೊಲಕ್ಕೆ ಹೊರಟವರಲ್ಲ.

ಶಿವಮೊಗ್ಗದ ದೂರಪಯಣ

ನಾನು ಇನ್ನೂ ಮುಂದೆ ಹೋಗುತ್ತೇನೆ. ನನ್ನ ಗಾಡಿಗೆ 100 ಕಿ.ಮೀ.ಗೇ ಒಮ್ಮೆ ಬದಲಿಸಿದೆ, ಮತ್ತೆ 500ಕ್ಕೆ, ಮತ್ತೆ 1500ಕ್ಕೆ. ಒಂದೊಂದು ಸಲವೂ ಮಿನುಗು ಕಡಿಮೆಯಾಗುತ್ತಾ ಬಂತು. ಈಗ 61 ಸಾವಿರ ಓಡಿದೆ, ಆಯಿಲ್ ತಿನ್ನುವುದಿಲ್ಲ, ಹೊಗೆ ಇಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಹೂಡಿಕೆ ಇಲ್ಲ.

ಹಾಸನದ ಗ್ಯಾರೇಜು

ಕೆಡುಕಂತೂ ಇಲ್ಲ. ಆದರೆ 500ಕ್ಕೆ ಸರಿಯಾಗಿ ತೆಗೆಸಿ, ಮುಂದೆಯೂ ಹೊತ್ತಿಗೆ ಸರಿಯಾಗಿ ಮಾಡಿಸಿಕೊಂಡ ಗಾಡಿಗಳು 61 ಸಾವಿರ ದಾಟಿ ಓಡುವುದನ್ನು ನಾನು ದಿನವೂ ನೋಡುತ್ತೇನೆ. 100ರ ಬದಲಾವಣೆಯಿಂದಲೇ ಹಾಗಾಯಿತು ಎನ್ನಲು ನನ್ನ ಬಳಿ ಆಧಾರವಿಲ್ಲ. ಮನಸ್ಸಿಗೆ ನೆಮ್ಮದಿ ಬೇಕಾದರೆ ಮಾಡಿಸಿ. ಆದರೆ ಹೊರಗೆ ಮಾಡಿಸಿದೆ ಎಂದು ಕಂಪನಿಯ 500ರ ಸರ್ವೀಸ್ ಮಾತ್ರ ಬಿಡಬೇಡಿ, ವಾರಂಟಿಗೆ ಅದರ ದಾಖಲೆ ಬೇಕು.

ಇನ್ನೊಂದು. ಹೊಸ ಎಂಜಿನ್ನಿಗೆ "ಫ್ಲಶ್ ಹಾಕಿ ತೊಳೆಯುತ್ತೇವೆ" ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಒಳಗೆ ತೊಳೆಯುವಂಥ ಕೊಳೆಯೇ ಇನ್ನೂ ಕಟ್ಟಿಲ್ಲ, ಉಳಿದ ದ್ರವ ಹೊಸ ಆಯಿಲನ್ನು ತೆಳುವಾಗಿಸುತ್ತದೆ. ಬಾಟಲಿಯಲ್ಲಿ ಬರುವ ನುಣುಪಿನ ಮದ್ದುಗಳೂ ಬೇಡ, ಕ್ಲಚ್ ಪ್ಲೇಟಿಗೆ ಅವೇ ವಿಷ.

ಕೊಪ್ಪದ ಕಾಫಿತೋಟ

ಯಾರೂ 45 ದಿನದ ಮಾತು ಎತ್ತಲಿಲ್ಲ. ನಮ್ಮಂಥ ಮಳೆಯ ಊರಿನವರಿಗೆ ಕಿ.ಮೀ.ಗಿಂತ ಅದೇ ಮುಖ್ಯ. ಜುಲೈನಲ್ಲಿ ಗಾಡಿ ತೆಗೆದುಕೊಂಡೆ. ಮನೆಯಿಂದ ಹಾಲಿನ ಡೇರಿಗೆ ಒಂದೂವರೆ ಕಿ.ಮೀ., ವಾಪಸ್ಸು ಒಂದೂವರೆ. ಎರಡು ತಿಂಗಳಾದರೂ 200 ದಾಟಲಿಲ್ಲ, ಇನ್ನೂ 500 ಆಗಿಲ್ಲವಲ್ಲ ಎಂದು ಸುಮ್ಮನಿದ್ದೆ. ಒಂದು ದಿನ ಆಯಿಲ್ ತುಂಬುವ ಮುಚ್ಚಳ ತಿರುಗಿಸಿ ನೋಡಿದರೆ ಒಳಬದಿಯಲ್ಲಿ ಬೆಣ್ಣೆಯಂಥ ಲೇಪ, ಹಾಲು ಹೆಚ್ಚಾದ ಚಹಾದ ಬಣ್ಣ. ಎದೆ ಧಸಕ್ಕೆಂದಿತು.

ಎಣ್ಣೆ ಪರೀಕ್ಷಕ

ಅದು ನೀರು. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ, ಸ್ವಲ್ಪ ಭಾಗ ರಿಂಗ್ ದಾಟಿ ಕೆಳಗಿಳಿಯುತ್ತದೆ. ಎಂಜಿನ್ ಪೂರ್ತಿ ಬಿಸಿಯಾದರೆ ಹೊರಟುಹೋಗುತ್ತದೆ, ಒಂದೂವರೆ ಕಿ.ಮೀ.ಯ ಓಟಕ್ಕೆ ಬಿಸಿಯೇ ಆಗುವುದಿಲ್ಲ. ಹೊಸ ಎಂಜಿನ್ನಿನಲ್ಲಿ ರಿಂಗ್ ಇನ್ನೂ ಪೂರ್ತಿ ಕೂತಿರುವುದಿಲ್ಲ, ಆದ್ದರಿಂದ ಇಳಿಯುವ ಪ್ರಮಾಣ ಸ್ವಲ್ಪ ಹೆಚ್ಚು. ಲೋಹದ ಪುಡಿಯ ಜೊತೆ ನೀರು ಸೇರಿದರೆ ತುಕ್ಕಿಗೆ ದಾರಿ. ಎಣ್ಣೆ ಬದಲಿಸಿ, ಮತ್ತು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ.

ಕೊಪ್ಪದ ಕಾಫಿತೋಟ

ಹಾಗೆಯೇ ಮಾಡಿದೆ ಸರ್. ಈಗ ಭಾನುವಾರ ಶೃಂಗೇರಿಯವರೆಗೆ ಹೋಗಿಬರುವುದು ರೂಢಿಯಾಗಿದೆ. ಮುಚ್ಚಳ ಒಣಗಿದೆ.

ಮಿಷಿಗನ್ ಕನ್ನಡಿಗ

ಕಾರಿನವರು ಓದುತ್ತಿದ್ದರೆ ಗಮನಿಸಿ, ಇದೇ ಲೆಕ್ಕವನ್ನು ಅಲ್ಲಿಗೆ ಹಾಗೆಯೇ ಒಯ್ಯಬೇಡಿ. ನಾನು ಇಲ್ಲಿ ಹೋಂಡಾ ಕಾರು ಕೊಂಡಾಗ, ಕಾರ್ಖಾನೆಯಲ್ಲಿ ತುಂಬಿದ ಎಣ್ಣೆಯನ್ನು ಅವಧಿಗೆ ಮೊದಲು ತೆಗೆಯಬೇಡಿ ಎಂದೇ ಕೈಪಿಡಿಯಲ್ಲಿತ್ತು. ಕಾರಿನ ಗೇರ್ ಪೆಟ್ಟಿಗೆಯ ಎಣ್ಣೆ ಬೇರೆ, ಎಂಜಿನ್ ಎಣ್ಣೆಯ ಪ್ರಮಾಣವೂ ಹೆಚ್ಚು. ಭಾರತದಲ್ಲಿರುವ ನನ್ನ ತಮ್ಮ ಹೊಸ ಡೀಸೆಲ್ ಕಾರಿಗೆ ಬೇಗ ಬದಲಿಸುತ್ತೇನೆಂದು ಹೊರಗೆ ಹೋಗಿ ಯಾವುದೋ ಲಾರಿ ಎಣ್ಣೆ ಹಾಕಿಸಲು ಹೊರಟಿದ್ದ, ತಡೆದೆ. 2020ರ ಏಪ್ರಿಲ್ ನಂತರದ ಬಿಎಸ್6 (ಭಾರತದ ಹೊಗೆ ನಿಯಂತ್ರಣ ಮಾನಕ) ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಬೂದಿ ಕಡಿಮೆ ಇರುವ ಎಣ್ಣೆಯನ್ನೇ ಹಾಕದಿದ್ದರೆ ಅದು ಕಟ್ಟಿಕೊಳ್ಳುತ್ತದೆ, ಬದಲಿಸುವ ಖರ್ಚು ಎದೆ ನಡುಗಿಸುವಷ್ಟಿದೆ.

ಮೈಸೂರಿನ ಸ್ಕೂಟರ್

ಡಬ್ಬ ನಿಮ್ಮ ಎದುರಿಗೇ ಒಡೆಯಲಿ. ಮುಚ್ಚಳದ ಸೀಲ್, ತಯಾರಿಕೆಯ ತಿಂಗಳು ನೋಡಿ. ಖಾಲಿಯಾದ ಡಬ್ಬಕ್ಕೆ ತೂತು ಹೊಡೆದು ಕೊಡಿ, ಹಾಗೇ ಕೊಟ್ಟರೆ ನಕಲಿ ತುಂಬುವವರ ಕೈ ಸೇರಬಹುದು.

ಮಂಡ್ಯದ ಟ್ರ್ಯಾಕ್ಟರ್

ಮನೆಯಲ್ಲೇ ಬದಲಿಸುವವರಿಗೆ ಕೈಮುಗಿದು ಕೇಳುತ್ತೇನೆ, ಹಳೆಯ ಆಯಿಲನ್ನು ಚರಂಡಿಗೆ, ಬೇಲಿಯ ಬುಡಕ್ಕೆ ಸುರಿಯಬೇಡಿ. ನಮ್ಮ ಊರಿನ ನಾಲೆಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಿಯುವುದನ್ನು ನೋಡಿದ್ದೇನೆ. ಅದೇ ನೀರು ಭತ್ತಕ್ಕೆ ಹೋಗುತ್ತದೆ. ಅದೇ ಡಬ್ಬಕ್ಕೆ ತುಂಬಿ, ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಮರುಶುದ್ಧೀಕರಣಕ್ಕೆ ಕಳಿಸಲು ಕೊಳ್ಳುವವರು ಇದ್ದಾರೆ.

ದಾವಣಗೆರೆಯ ಹೊಸ ಸವಾರ

ಇವತ್ತು ಸರ್ವೀಸ್ ಆಯಿತು, 512 ಕಿ.ಮೀ.ಗೆ. ಕೈಪಿಡಿಯಲ್ಲಿದ್ದ 15ಡಬ್ಲ್ಯು-50 ಎಂಎ2 ಸೆಮಿ ಸಿಂಥೆಟಿಕ್ಕನ್ನೇ ಹಾಕಿಸಿದೆ, ಫಿಲ್ಟರ್ ಹೊಸದು, ವಾಷರ್ ಹೊಸದು. ಡಬ್ಬ ಎದುರಿಗೇ ಒಡೆದರು. ಪೂರ್ತಿ ಸುರಿಯಲು ಹೊರಟಾಗ, ಎಂಜಿನ್ನಿನ ಬದಿಯ ಗಾಜಿನಲ್ಲಿ ಮಟ್ಟ ನೋಡೋಣ ಎಂದೆ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಒಂದೆರಡು ನಿಮಿಷ ಓಡಿಸಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಎರಡು ಗೆರೆಗಳ ನಡುವೆ ಮೇಲಿನದಕ್ಕೆ ಸ್ವಲ್ಪ ಕೆಳಗೆ ನಿಂತಿತ್ತು. ಉಳಿದದ್ದನ್ನು ಮನೆಗೆ ತಂದಿದ್ದೇನೆ.

ಮಾವನನ್ನೂ ಕರೆದುಕೊಂಡು ಹೋಗಿದ್ದೆ. ಪರೀಕ್ಷಕರು ಬರೆದದ್ದನ್ನು ದಾರಿಯಲ್ಲಿ ಓದಿ ಹೇಳಿದಾಗ, "ನಮ್ಮ ಕಾಲದ್ದು ಬೇರೆ ಎಂದರಲ್ಲ, ಅದು ಸರಿ" ಎಂದರು. ಇಳಿಸಿದ ಆಯಿಲನ್ನು ಮೇಸ್ತ್ರಿಗಳು ಹೇಳಿದಂತೆ ಬಿಸಿಲಿಗೆ ಹಿಡಿಸಿದೆ. ಮಿನುಗುತ್ತಿತ್ತು. ಮಾವ ಎರಡು ಬೆರಳಲ್ಲಿ ತೆಗೆದು ಉಜ್ಜಿ ನೋಡಿ, "ನುಣ್ಣಗಿದೆ, ಚುಚ್ಚುವುದಿಲ್ಲ" ಎಂದು ತಮ್ಮ ಕರವಸ್ತ್ರಕ್ಕೆ ಒರೆಸಿಕೊಂಡರು.

ಹಾಸನದ ಗ್ಯಾರೇಜು

ಸಂತೋಷ. ನಾಳೆ ಬೆಳಗ್ಗೆ ಗಾಡಿ ತೆಗೆಯುವ ಮೊದಲು ಕೆಳಗೆ ಬಗ್ಗಿ ಡ್ರೈನ್ ಬೋಲ್ಟಿನ ಸುತ್ತ ಒಮ್ಮೆ ಬೆರಳಾಡಿಸಿ ನೋಡು, ಒಣಗಿರಬೇಕು.